ಖಾಲಿ ಭೋಂಗಾ

ಮೊನ್ನೆ ಬೆಳಿಗ್ಗೆ ನಲ್ಲಿಯ ಕೆಳಗೆ ಬಕೀಟು ಇಟ್ಟು, ನೀರು ತುಂಬಿತೇನೋ ಎಂದು ಬಗ್ಗಿ ನೋಡಿದವಳು ಹಾಗೆಯೇ ಮೆಟ್ಟಿಲು ಹತ್ತಿ ಓಡಿದೆ. ಕೈಯಲ್ಲಿ ಪಾತ್ರೆ ತಿಕ್ಕುವ ನಾರು, ಮೊಣಕೈವರೆಗೆ ಸಾಬೂನಿನ ನೊರೆ. ಮಾಳಿಗೆ ಮುಟ್ಟಿ, ಎದೆಬಡಿತ ಒಂದು ಹದಕ್ಕೆ ಬಂದ ಮೇಲೆ ತಿಳಿಯಿತು, ಏನೂ ಆಗಿಲ್ಲ ಎಂದು. ನೀರು ಬಿಡುವವರು ಬ್ಲೀಚಿಂಗ್ ಪುಡಿಯನ್ನು ಒಂದು ಹಿಡಿ ಹೆಚ್ಚಿಗೆ ಹಾಕಿದ್ದಾರೆ, ಅದರ ವಾಸನೆ, ಅಷ್ಟೇ. ಎದುರು ಮನೆಯ ಮಾಳಿಗೆಯ ಮೇಲೆ ಸಂಡಿಗೆ ಒಣಗಲು ಹಾಕುತ್ತಿದ್ದ ಹುಡುಗಿ ನನ್ನನ್ನೂ ನನ್ನ ಕೈಯ ನಾರನ್ನೂ ನೋಡಿ, "ಯಾಕ್ರಿ ಆಂಟಿ, ಮಂಗ್ಯಾ ಬಂದಾವೇನ್ರಿ?" ಎಂದು ಕೇಳಿದಳು. ಹೌದು ಎಂದೆ. ಬಕೀಟಿನ ನೀರಿಗೆ ಹೆದರಿ ಬಂದೆ ಎನ್ನುವುದಕ್ಕಿಂತ ಮಂಗಗಳಿಗೆ ಹೆದರಿ ಬಂದೆ ಎಂದರೆ ಸ್ವಲ್ಪವಾದರೂ ಮರ್ಯಾದೆ ಉಳಿಯುತ್ತದೆ.

ನಾನು ಪುಕ್ಕಲಿ. ಇದನ್ನು ಮೊದಲೇ ಹೇಳಿಬಿಟ್ಟರೆ ನಿಮಗೂ ನನಗೂ ಒಳ್ಳೆಯದು. ಕುಕ್ಕರು ಸೀಟಿ ಹೊಡೆಯುವ ಮೊದಲು ಸುಯ್ ಎನ್ನುತ್ತದಲ್ಲ, ಆಗಲೇ ನಾನು ಅಡಿಗೆಮನೆಯ ಬಾಗಿಲಲ್ಲಿರುತ್ತೇನೆ. ಹೊಸ ಊರಿನ ಲಾಡ್ಜಿಗೆ ಹೋದರೆ ಹಾಸಿಗೆ ಮೆತ್ತಗಿದೆಯೇ ಎಂದು ನೋಡುವ ಮೊದಲು ಮೆಟ್ಟಿಲು ಎಲ್ಲಿದೆ ಎಂದು ನೋಡುತ್ತೇನೆ. ನನ್ನ ಮಗಳು ಸುಮಾ ಇದನ್ನೆಲ್ಲ ತನ್ನ ಗೆಳತಿಯರ ಮುಂದೆ ನಟಿಸಿ ತೋರಿಸಿ ನಗಿಸುತ್ತಾಳೆ. ನಗಲಿ. ಅವಳು ಹೀಗೆ ನಗುತ್ತ ಕುಳಿತಿರುವುದನ್ನು ನೋಡಿದಾಗ ನನಗೆ ಒಳಗೊಳಗೇ ಏನಾಗುತ್ತದೆ ಎಂಬುದನ್ನು ಅವಳಿಗೆ ಸರಿಯಾಗಿ ಹೇಳಲು ಇನ್ನೂ ಆಗಿಲ್ಲ.

ಆ ವಾಸನೆಯೊಂದೇ ಸಾಲದೆಂಬಂತೆ ಅದೇ ಮಧ್ಯಾಹ್ನ ನಮ್ಮ ಓಣಿಗೆ ಒಂದು ಆಟೊ ಬಂತು. ಮೇಲೆ ಮೈಕು. ಬುಧವಾರ ಬೆಳಿಗ್ಗೆ ನೀರಿನ ಟಾಕಿಯ ಮೇಲೆ ಹೊಸದಾಗಿ ಕೂರಿಸಿದ ಸೈರನ್ನನ್ನು ಪರೀಕ್ಷೆ ಮಾಡುತ್ತಾರಂತೆ, ಸಾರ್ವಜನಿಕರು ಗಾಬರಿಯಾಗಬಾರದಂತೆ. ಕನ್ನಡದಲ್ಲಿ ಮುಗಿದ ಮೇಲೆ ಮರಾಠಿಯಲ್ಲಿ, "ಘಾಬರೂನ್ ಜಾವೂ ನಯೇ." ಬೆಳಗಾವಿಯಲ್ಲಿ ಎರಡೆರಡು ಭಾಷೆಯಲ್ಲಿ ಧೈರ್ಯ ಹೇಳುತ್ತಾರೆ ನೋಡಿ. ನನಗೆ ಎರಡರಲ್ಲೂ ಗಾಬರಿಯಾಯಿತು. ನಮ್ಮವರು ವರಾಂಡದಲ್ಲಿ ಪೇಪರು ಓದುತ್ತ ಕುಳಿತಿದ್ದರು. ಅವರಿಗೆ ಆಟೊ ಕಂಡಿತು, ಮಾತು ಕೇಳಿಸಲಿಲ್ಲ. "ಏನಂತ? ಉಳ್ಳಾಗಡ್ಡಿ ಮಾರಾಂವೇನ?" ಎಂದರು. ಅವರ ಕಿವಿ ಹೋಗಿ ವರ್ಷಗಳಾದವು. ಕಿವಿಯ ಮಷಿನ್ನು ಕಪಾಟಿನಲ್ಲಿ ಸುಖವಾಗಿದೆ.

ಸೈರನ್ ಎನ್ನುವ ಶಬ್ದ ನಮ್ಮ ಕಡೆ ಮೈಕಿನವರು ಮಾತ್ರ ಬಳಸುವುದು. ಉಳಿದವರಿಗೆಲ್ಲ ಅದು ಭೋಂಗಾ. ಮರಾಠಿಯಿಂದ ಬಂದ ಶಬ್ದವಿರಬೇಕು, ಈಗ ಯಾರದೆಂದು ಕೇಳುವವರಿಲ್ಲ. ಉದ್ಯಮಬಾಗದಲ್ಲಿ ಪಾಳಿ ಬದಲಾಗುವುದಕ್ಕೂ ಭೋಂಗಾ, ಊಟಕ್ಕೂ ಭೋಂಗಾ. ಫೌಂಡ್ರಿಗಳು ಒಂದರ ಹಿಂದೆ ಒಂದು ಕೂಗಿದಾಗ ರಸ್ತೆಯ ತುಂಬ ಸೈಕಲ್ಲು, ಡಬ್ಬಿ, ಕರಿ ಹಿಡಿದ ಅಂಗಿ. ಆ ಕೂಗಿಗೆ ಯಾರೂ ಹೆದರುತ್ತಿರಲಿಲ್ಲ, ನಾನು ಕೂಡ. ನಾನು ಹೇಳಹೊರಟ ಭೋಂಗಾ ಬೇರೆಯದು.

ಎರಡು ಸಾವಿರದ ಆಸುಪಾಸು ನಾವು ಖಾನಾಪುರ ರಸ್ತೆಯಲ್ಲಿ, ದೇಸೂರಿನ ಈಚೆ ಒಂದು ಬಾಡಿಗೆ ಮನೆಯಲ್ಲಿದ್ದೆವು. ಕೆಂಪು ಕಲ್ಲಿನ, ಒಂದಕ್ಕೊಂದು ಬೆನ್ನು ಆನಿಸಿದ ಸಾಲುಮನೆಗಳು. ಮುಂದೆ ಏರಿನ ಮೇಲೆ ಬ್ಲೀಚಿಂಗ್ ಪುಡಿ ತಯಾರಿಸುವ ಒಂದು ಕಾರ್ಖಾನೆ. ಅದು ಈಗಿಲ್ಲ, ಹೆಸರೂ ಬೇಡ. ಹಿಂದೆ ಗೇರುಮರಗಳ ಇಳಿಜಾರು, ಕೆಳಗೆ ನಾಲೆ, ನಾಲೆಯ ದಂಡೆಗೆ ಒಂದು ಮೆಟ್ಟಿಲ ಬಾವಿ. ಬಲಕ್ಕೆ ಸ್ವಲ್ಪ ದೂರದಲ್ಲಿ ಎತ್ತರದ ದಿಬ್ಬದ ಮೇಲೆ ರೈಲುಹಳಿ. ಈ ನಕ್ಷೆಯನ್ನು ನೆನಪಿಟ್ಟುಕೊಳ್ಳಿ, ಮುಂದೆ ನನ್ನ ಜೊತೆ ನೀವೂ ಓಡಬೇಕಾಗುತ್ತದೆ. ನಮ್ಮವರು ಆ ಕಾರ್ಖಾನೆಯಲ್ಲಿ ವಿದ್ಯುತ್ ವಿಭಾಗದ ಸೂಪರ್‌ವೈಜರು. ಪುಡಿ ಮಾಡಲು ಕ್ಲೋರಿನ್ ಅನಿಲ ಬೇಕು, ಅದು ದೊಡ್ಡ ದೊಡ್ಡ ಉರುಳೆಗಳಲ್ಲಿ, ಅಂದರೆ ಕಬ್ಬಿಣದ ಸಿಲಿಂಡರುಗಳಲ್ಲಿ, ಬರುತ್ತಿತ್ತು, ಅದು ಸೋರಿದರೆ ಸುತ್ತಲಿನವರಿಗೆ ತಿಳಿಸಲು ಶೆಡ್ಡಿನ ಮೇಲೊಂದು ಭೋಂಗಾ ಇತ್ತು. ಅದರ ಉಸ್ತುವಾರಿ ಇವರದು.

ಉಸ್ತುವಾರಿ ಎಂದರೆ ಸಾಮಾನ್ಯ ಉಸ್ತುವಾರಿಯಲ್ಲ. ಕೆಲವರಿಗೆ ಎಮ್ಮೆಯ ಮೇಲೆ ಇರುವಂಥ ಪ್ರೀತಿ ಇವರಿಗೆ ಆ ಯಂತ್ರದ ಮೇಲೆ. ಮದುವೆಯಾದ ಹೊಸತರಲ್ಲಿ ನನ್ನನ್ನು ಕೂರಿಸಿಕೊಂಡು ಭೋಂಗಾ ಕೂಗುವುದು ಹೇಗೆ ಎಂದು ಟೇಬಲ್ ಫ್ಯಾನು ಇಟ್ಟು ತೋರಿಸಿದ್ದರು. ತಿರುಗುವ ಫ್ಯಾನಿನ ಮುಂದೆ ತೂತು ಕೊರೆದ ರಟ್ಟು ಹಿಡಿದು, "ಇದ ನೋಡ, ಮೋಟಾರ ತಿರಗತೈತಿ, ಗಾಳಿ ಒಳಗ ಎಳಕೋತೈತಿ. ಸುತ್ತ ಡಬ್ಬಿ, ಡಬ್ಬಿಗೆ ಖಿಡಕಿ. ರೆಕ್ಕಿ ಬಂದಾಗ ಖಿಡಕಿ ಮುಚ್ಚತೈತಿ, ಹ್ವಾದಾಗ ತೆರೀತೈತಿ. ಗಾಳೀನ ಕಚ್ಚು ಕಚ್ಚು ಕತ್ತರಿಸಿ ಒಗಿಯೂದು. ಭೋಂಗಾ ಅಂದ್ರ ಇಷ್ಟ," ಎಂದರು. ರಟ್ಟು ಫ್ಯಾನಿಗೆ ಸಿಕ್ಕಿ ಹರಿದು ಚೂರಾಗಿ ನನ್ನ ತಲೆಯ ಮೇಲೆ ಬಿತ್ತು. ಹೊಸ ಹೆಂಡತಿಗೆ ಮಲ್ಲಿಗೆ ತರುವ ಗಂಡಂದಿರು ಜಗತ್ತಿನಲ್ಲಿ ಇದ್ದಾರೆಂದು ಕೇಳಿದ್ದೆ.

ಆದರೆ ಒಂದು ಮಾತು ಅಂದಿನಿಂದಲೇ ತಲೆಯಲ್ಲಿ ಉಳಿಯಿತು. ಮೋಟಾರು ಜೋರಾದಷ್ಟು ದನಿ ಏರುತ್ತದೆ, ನಿಧಾನವಾದಷ್ಟು ಇಳಿಯುತ್ತದೆ. ಅಪಾಯವಿದ್ದರೆ ದನಿ ಏರುತ್ತ ಇಳಿಯುತ್ತ ಇರಬೇಕು. ಅಪಾಯ ಕಳೆದರೆ ಒಂದೇ ಸಮ ಉದ್ದಕ್ಕೆ ಕೂಗಬೇಕು. ನಮ್ಮ ಕಾರ್ಖಾನೆಯದು ಹಳೆಯ ಯಂತ್ರ, ಏರಿಳಿತವನ್ನು ಕೈಯಿಂದಲೇ ಮಾಡಬೇಕಿತ್ತು. "ಗುಂಡಿ ಒತ್ತಬೇಕು, ಬಿಡಬೇಕು. ಒತ್ತಬೇಕು, ಬಿಡಬೇಕು. ಒಬ್ಬಾಂವ ಅಲ್ಲೇ ನಿಂತಿರಬೇಕು ನೋಡ. ಆರಾಮ ಆತಂದ್ರ ಚಾವಿ ತಿರುವಿಬಿಟ್ರ ಮುಗೀತು, ತಾನ ಒದರತೈತಿ," ಎಂದಿದ್ದರು. "ಅಂದ್ರ ಅಪಾಯಕ್ಕ ಕೈ ಬೇಕು, ಆರಾಮಿಗೆ ಬ್ಯಾಡ," ಎಂದು ನಾನು ನಕ್ಕಿದ್ದೆ. ನನಗೆ ಇಷ್ಟು ಬೇಗ ತಿಳಿಯಿತೆಂದು ಅವರಿಗೆ ಬಹಳ ಸಂತೋಷವಾಗಿತ್ತು. ಆ ಗುಂಡಿಯ ಪೆಟ್ಟಿಗೆಯನ್ನು ಉರುಳೆಗಳ ಶೆಡ್ಡಿನ ಪಕ್ಕದ ಕೋಣೆಯಲ್ಲಿಯೇ ಇಟ್ಟಿದ್ದರು. ಅದನ್ನು ದೂರಕ್ಕೆ ಒಯ್ಯಿರಿ ಎಂದು ಇವರು ಮೇಲಿನವರಿಗೆ ಹೇಳುತ್ತಲೇ ಇದ್ದರು, ಅವರು ಹೂಂ ಎನ್ನುತ್ತಲೇ ಇದ್ದರು.

ಪ್ರತಿ ಸೋಮವಾರ ಮುಂಜಾನೆ, ಇಡೀ ಊರಿಗೆ ಒಗ್ಗರಣೆಯ ವಾಸನೆ ಏಳುವ ಹೊತ್ತಿಗೆ, ಭೋಂಗಾದ ಪರೀಕ್ಷೆ. ಪೂರ್ತಿ ಕೂಗಿಸಿದರೆ ಜನ ಹೆದರುತ್ತಾರೆಂದು ಗುಂಡಿಯನ್ನು ಒತ್ತಿ ಕೂಡಲೇ ಬಿಟ್ಟುಬಿಡುವುದು. ದನಿ ಏಳುವ ಮೊದಲೇ ಅಡಗುತ್ತಿತ್ತು. ನಿದ್ದೆಯಲ್ಲಿರುವ ನಾಯಿಯ ಬಾಲ ತುಳಿದ ಹಾಗೆ ಒಂದು ಗುರ್ ಎನ್ನುವ ಸದ್ದು, ಆಮೇಲೆ ಏನಿಲ್ಲ. ಮೋಟಾರು ಹಿಡಿದಿಲ್ಲ, ಖಿಡಕಿಯೊಳಗೆ ಕಣಜ ಗೂಡು ಕಟ್ಟಿಲ್ಲ ಎಂದು ಗೊತ್ತಾಗಲು ಅಷ್ಟು ಸಾಕು. ಕಣಜಗಳು ನಿಜಕ್ಕೂ ಕಟ್ಟುತ್ತಿದ್ದವು. ತಿಂಗಳಿಗೊಮ್ಮೆ ಮುಂಚಿತವಾಗಿ ಸಾರಿ, ಪೂರ್ತಿ ಕೂಗಿಸುವುದೂ ಇತ್ತು. ಅಂದು ಮಧ್ಯಾಹ್ನ ಊಟಕ್ಕೆ ಬಂದವರು ಚಪ್ಪಲಿ ಬಿಡುವ ಮೊದಲೇ ಕೇಳುವ ಪ್ರಶ್ನೆ, "ಕೇಳಿಸ್ತೇನ?" ನಾನು, "ಕೇಳಿಸ್ತರಿ. ಖಾನಾಪುರದಾಗ ಸತ್ತಾವ್ರಿಗೂ ಕೇಳಿಸಿರಬೇಕು," ಎನ್ನುತ್ತಿದ್ದೆ. ಅದಕ್ಕೂ ಅವರಿಗೆ ಸಮಾಧಾನವಿಲ್ಲ. ಸೈಕಲ್ಲು ಹತ್ತಿ ದೇಸೂರ ಸ್ಟೇಶನ್ನಿನ ಚಹಾದಂಗಡಿಯವನನ್ನೂ ಕೇಳಿ ಬರುವರು. ಗಾಳಿ ಆ ಕಡೆ ಬೀಸಿದರೆ ಅವನಿಗೆ ಕೇಳಿಸುತ್ತಿತ್ತು, ಈ ಕಡೆ ಬೀಸಿದರೆ ಇಲ್ಲ. ಹಾಗಾಗಿ ಗಾಳಿ ಯಾವ ಕಡೆಗಿತ್ತೆಂದು ನೋಡಿಡುವ ಕೆಲಸ ನನಗೆ ಬಂದಿತ್ತು. ಹಿತ್ತಲ ಹಗ್ಗದ ಮೇಲಿನ ಸೀರೆ ಯಾವ ಕಡೆ ಹಾರುತ್ತಿದೆ ಎಂದು ನೋಡಿದರೆ ಆಯಿತು. ಅನಿಲ ಗಾಳಿಯ ಜೊತೆ ಹೋಗುತ್ತದೆ, ಗಾಳಿಗಿಂತ ಭಾರ, ತಗ್ಗಿಗೆ ಇಳಿದು ಅಲ್ಲೇ ಕೂರುತ್ತದೆ ಎಂಬುದನ್ನೂ ಅವರು ಎಷ್ಟೋ ಸಲ ಹೇಳಿದ್ದರು. "ಗಾಳಿಗೆ ಅಡ್ಡ ಹೋಗಬೇಕು. ಎತ್ತರಕ್ಕ ಹೋಗಬೇಕು. ತೆಗ್ಗಿಗೆ ಹ್ವಾದಿ ಅಂದ್ರ ಮುಗೀತು." ಪಲ್ಯ ಹೆಚ್ಚುತ್ತ ಕೇಳಿದ ಮಾತುಗಳು ಇವೆಲ್ಲ. ಕೇಳುತ್ತಿದ್ದೇನೆಂದು ನನಗೇ ಗೊತ್ತಿರಲಿಲ್ಲ.

ಸೋಮವಾರದ ಆ ಗುರ್ ಸದ್ದಿಗೆ ಸಾಲುಮನೆಯವರು ಇಟ್ಟ ಹೆಸರು ಖಾಲಿ ಭೋಂಗಾ. ಒಳಗೆ ಏನಿಲ್ಲದ, ಬರೀ ಸದ್ದಿನ ಭೋಂಗಾ. "ಏ, ಖಾಲಿ ಭೋಂಗಾ ಆತು, ಅನ್ನಕ್ಕಿಡ," ಎನ್ನುವಷ್ಟು ಅದು ಒಗ್ಗಿಹೋಗಿತ್ತು. ನಮ್ಮವರಿಗೆ ಆ ಹೆಸರು ಕೇಳಿದರೆ ಮೂಗಿನ ತುದಿಗೆ ಸಿಟ್ಟು. ಖಾಲಿ ಎಂದು ಕರೆದು ಕರೆದು ಒಂದು ದಿನ ಖರೇ ಆದಾಗ ಯಾರೂ ಏಳುವುದಿಲ್ಲ ಎನ್ನುತ್ತಿದ್ದರು. ಅವರ ಹೆದರಿಕೆ ಸರಿಯಾಗಿಯೇ ಇತ್ತು, ಆದರೆ ಆ ಶಬ್ದ ನಮಗೆ ಕೈಕೊಟ್ಟದ್ದು ಬೇರೆಯೇ ರೀತಿಯಲ್ಲಿ. ಅದಕ್ಕೆ ಅನಸೂಯಾಬಾಯಿಯ ಪರಿಚಯ ಮಾಡಿಸಬೇಕು.

ಅನಸೂಯಾಬಾಯಿ ನಮ್ಮ ಗೋಡೆಗೆ ಗೋಡೆ ಹಚ್ಚಿದ ನೆರೆಯವಳು. ತವರು ಕಣಕುಂಬಿಯ ಕಾಡಿನ ಕಡೆ, ಮನೆಮಾತು ಮರಾಠಿ. ಗಂಡ ಉದ್ಯಮಬಾಗದ ಫೌಂಡ್ರಿಗೆ ಹೋಗುತ್ತಿದ್ದ. ಎತ್ತರದ ಆಳು, ತಲೆಯ ಮೇಲೆ ಎರಡು ಕೊಡ ಇಟ್ಟುಕೊಂಡೇ ಮಾತನಾಡುತ್ತ ಏರು ಹತ್ತಿ ಬರುವಳು. ಮಾತೆಂದರೆ ಅದೇನು ದನಿ! ಹಿತ್ತಲಲ್ಲಿ ನಿಂತು ತನ್ನ ಎಮ್ಮೆಯನ್ನು ಕರೆದರೆ ನಾಲೆಯ ಆಚೆ ಮೇಯುತ್ತಿದ್ದ ಪರರ ಎಮ್ಮೆಗಳೂ ತಲೆಯೆತ್ತುತ್ತಿದ್ದವು. ಇವರು ಅವಳಿಗೆ, "ಬಾಯಿ, ನೀವು ಇರೂತನಕಾ ನಮ್ಮ ಭೋಂಗಾ ಯಾಕ ಬೇಕ್ರಿ?" ಎಂದು ಚಾಷ್ಟಿ ಮಾಡುವರು. ಅವಳು, "ನಿಮ್ಮ ಭೋಂಗಾಕ್ಕ ಸೋಮವಾರಕ್ಕೊಮ್ಮೆ ಸರ್ದಿ ಆಗತೈತಿ ಬಗಾ, ನನಗ ಆಗಂಗಿಲ್ಲ," ಎನ್ನುವಳು. ಆಗಿನ್ನೂ ಶಾಲೆಗೆ ಹೋಗದ ನನ್ನ ಸುಮಾ ದಿನದ ಅರ್ಧ ಹೊತ್ತು ಅವಳ ಸೊಂಟದ ಮೇಲೆಯೇ ಇರುತ್ತಿದ್ದಳು.

ಒಮ್ಮೆ ಅವಳು ಚಹಾಕ್ಕೆಂದು ಸಕ್ಕರೆ ಕೇಳಿಕೊಂಡು ಬಂದಳು. ನಾನು ಹಿಟ್ಟು ನಾದುತ್ತಿದ್ದವಳು, "ಸಕ್ರಿ ಡಬ್ಬಿ ಖಾಲಿ ಐತ್ರಿ," ಎಂದೆ. ಅವಳು ಬಗ್ಗಿ ಕಟ್ಟೆಯ ಕೆಳಗೆ ಹುಡುಕತೊಡಗಿದಳು. ಉಳ್ಳಾಗಡ್ಡಿಯ ಬುಟ್ಟಿ ಸರಿಸಿದಳು, ಚೀಲ ಎತ್ತಿದಳು, "ಖಾಲಿ ಕುಠೇ? ಖಾಲಿ ತರ ಕಾಯ್ಚ್ ನಾಹಿ," ಎಂದಳು. ಮರಾಠಿಯಲ್ಲಿ ಖಾಲಿ ಎಂದರೆ ಕೆಳಗೆ, ಕೆಳಗೆ ಏನೂ ಇಲ್ಲವಲ್ಲ ಎನ್ನುತ್ತಿದ್ದಳು. ಡಬ್ಬಿ ಕೆಳಗಿದೆ ಎಂದು ನಾನು ಹೇಳಿದೆನೆಂದು ಅವಳು ತಿಳಿದಿದ್ದಳು. ಇಬ್ಬರೂ ನೆಲಕ್ಕೆ ಕುಳಿತು ಕಣ್ಣಲ್ಲಿ ನೀರು ಬರುವಂತೆ ನಕ್ಕೆವು. ಆಮೇಲೆ ತಿಳಿದದ್ದೆಂದರೆ ಖಾಲಿ ಭೋಂಗಾ ಎಂಬುದನ್ನೂ ಅವಳು ಕೆಳದನಿಯ ಭೋಂಗಾ ಎಂದೇ ಇಷ್ಟು ದಿನ ಅಂದುಕೊಂಡಿದ್ದಳು. ಅದು ತಪ್ಪೂ ಆಗಿರಲಿಲ್ಲ, ಸದ್ದು ಕೆಳಗೇ ಇರುತ್ತಿತ್ತಲ್ಲ. ಅಂದಿನಿಂದ ಆ ಶಬ್ದ ನಮ್ಮ ಎರಡು ಮನೆಗಳ ನಡುವೆ ಒಂದು ಆಟದ ಸಾಮಾನಾಯಿತು.

ಅದು ಚಳಿಗಾಲ. ಹಿಂದಿನ ವರ್ಷವಷ್ಟೇ ಗಡಿಯಲ್ಲಿ ಯುದ್ಧ ಮುಗಿದಿತ್ತು. ದಂಡಿನ ಊರಾದ ಬೆಳಗಾವಿಯಲ್ಲಿ, ಸುತ್ತಲ ಹಳ್ಳಿಗಳಲ್ಲಿ, ಯಾರ ಮನೆಯಲ್ಲಿ ನೋಡಿದರೂ ಅದರದೇ ಮಾತು. ಅನಸೂಯಾಬಾಯಿಯ ತಮ್ಮ ಸಿಪಾಯಿ. ರಜೆಗೆ ಬಂದವನು, ಭೋಂಗಾ ಏರಿಳಿಯುತ್ತ ಕೂಗಿದರೆ ವಿಮಾನ ಬರುತ್ತಿದೆ ಎಂದರ್ಥ, ತಗ್ಗು ಸಿಕ್ಕಲ್ಲಿ ಇಳಿದು ಮಲಗಬೇಕು ಎಂದು ಅಕ್ಕನಿಗೆ ಕಲಿಸಿ ಹೋಗಿದ್ದ. ಅವನು ಹೇಳಿದ್ದೂ ಸರಿಯೇ. ಆ ದಿನ ಎಲ್ಲರೂ ಹೇಳಿದ್ದು ಸರಿಯಾಗಿಯೇ ಇತ್ತು.

ಸೋಮವಾರ. ಚಳಿಗೆ ಗಾಳಿ ನೆಲ ಹಿಡಿದು ಕುಳಿತಿತ್ತು. ಅನಸೂಯಾಬಾಯಿ ಬಟ್ಟೆಯ ಗಂಟು ತಲೆಯ ಮೇಲಿಟ್ಟು, ಸುಮಾಳನ್ನು ಸೊಂಟಕ್ಕೇರಿಸಿ ಬಾವಿಯ ಕಡೆ ಇಳಿದುಹೋಗಿದ್ದಳು. ನಾನು ರೊಟ್ಟಿ ಬಡಿಯುತ್ತಿದ್ದೆ. ಭೋಂಗಾ ಗುರ್ ಎಂದಿತು. ಖಾಲಿ ಭೋಂಗಾ ಆಯಿತು ಎಂದುಕೊಂಡು ರೊಟ್ಟಿ ತಿರುವಿದೆ. ಆದರೆ ಅದು ನಿಲ್ಲಲಿಲ್ಲ. ಮೇಲಕ್ಕೆ ಎದ್ದಿತು, ಇನ್ನೂ ಮೇಲಕ್ಕೆ, ತಗಡುಗಳೆಲ್ಲ ನಡುಗುವಷ್ಟು. ನಂತರ ಇಳಿಯಿತು. ಮತ್ತೆ ಎದ್ದಿತು. ತಿಂಗಳ ಪರೀಕ್ಷೆಯಿರಬೇಕು, ನನಗೆ ಹೇಳಲು ಮರೆತಿದ್ದಾರೆ ಎಂದು ಮನಸ್ಸು ಒಂದು ಸುಳ್ಳನ್ನು ಸಿದ್ಧಪಡಿಸಿತು. ನಮ್ಮವರು ಬೇರೆ ಏನನ್ನು ಬೇಕಾದರೂ ಮರೆಯಬಹುದು, ಅದನ್ನಲ್ಲ. ಅಷ್ಟರಲ್ಲಿ ಮೂಗಿಗೆ ವಾಸನೆ ಬಂತು. ಬ್ಲೀಚಿಂಗ್ ವಾಸನೆ ಆ ಮನೆಗಳಿಗೆ ಹೊಸದಲ್ಲ, ಇವರ ಅಂಗಿಗಳೆಲ್ಲ ಅದೇ ವಾಸನೆ. ಇದು ಮಾತ್ರ ಅಂಗಿಯ ವಾಸನೆಯಾಗಿರಲಿಲ್ಲ. ಗಂಟಲಿನೊಳಗೆ ಯಾರೋ ಉಗುರಿನಿಂದ ಕೆರೆದ ಹಾಗಾಯಿತು.

ಹಿತ್ತಲಿಗೆ ಬಂದೆ. ಹಗ್ಗದ ಮೇಲಿದ್ದ ನನ್ನ ಹಸಿರು ಸೀರೆ ನಾಲೆಯ ಕಡೆಗೆ ಹಾರುತ್ತಿತ್ತು.

ಆ ಸೀರೆಯನ್ನು ನಾನು ಮತ್ತೆ ಉಡಲಿಲ್ಲ. ಅದು ಎಷ್ಟು ನಿಧಾನವಾಗಿ, ಎಷ್ಟು ಚೆಂದವಾಗಿ ಹಾರುತ್ತಿತ್ತು ಎಂಬುದು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಮುಂದಿನ ರಸ್ತೆಯಲ್ಲಿ ಕಾರ್ಖಾನೆಯ ಜೀಪು ಹೋಯಿತು. ಗೇಟು ಕಾಯುವ ಬಸಣ್ಣೆಪ್ಪ ಮೈಕು ಹಿಡಿದು ಜೀವ ಬಾಯಿಗೆ ಬಂದವನಂತೆ, "ಮನಿ ಖಾಲಿ ಮಾಡ್ರಿ! ಎಲ್ಲಾರೂ ಖಾಲಿ ಮಾಡ್ರಿ! ಖಾಲಿ!" ಎಂದು ಕೂಗುತ್ತಿದ್ದ. ಸಾಲುಮನೆಯವರು ಮಕ್ಕಳನ್ನು ಎಳೆದುಕೊಂಡು ರೈಲುದಿಬ್ಬದ ಕಡೆ ಓಡತೊಡಗಿದರು. ಭೋಂಗಾ ಮೇಲೆದ್ದಾಗ ಅವನ ಮಾತು ಮುಳುಗುತ್ತಿತ್ತು, ಇಳಿದಾಗ ತೇಲುತ್ತಿತ್ತು. ಹಿತ್ತಲಲ್ಲಿ ನಿಂತ ನನಗೆ ಕೇಳಿಸಿದ್ದು ಒಂದೇ ಒಂದು ಶಬ್ದ. ಖಾಲಿ. ಖಾಲಿ. ಖಾಲಿ. ಕೆಳಗೆ ಬಾವಿಯ ಹತ್ತಿರವೂ ಅಷ್ಟೇ ಕೇಳಿಸಿರಬೇಕು ಎಂಬುದು ನನಗೆ ಹೊಳೆದ ಗಳಿಗೆಯನ್ನು ನಿಮಗೆ ಹೇಗೆ ಹೇಳಲಿ.

ಇಳಿಜಾರಿನ ಅಂಚಿಗೆ ಓಡಿ ನೋಡಿದೆ. ಕಲ್ಲಿನ ಮೇಲೆ ಬಟ್ಟೆಗಳು ಅರ್ಧಕ್ಕೇ ಬಿದ್ದಿದ್ದವು. ಅನಸೂಯಾಬಾಯಿ ಬಾವಿಯ ಮೆಟ್ಟಿಲುಗಳನ್ನು ಇಳಿದು, ನೀರಿಗೆ ತೀರ ಹತ್ತಿರದ ಮೆಟ್ಟಿಲ ಮೇಲೆ ಮುದುಡಿ ಕುಳಿತಿದ್ದಳು. ಮಡಿಲಲ್ಲಿ ಸುಮಾ, ಇಬ್ಬರ ಮೇಲೂ ಹಾಸಿದ ಒಂದು ಒದ್ದೆ ಸೀರೆ. ಆ ಸುತ್ತಿನಲ್ಲಿ ಅದಕ್ಕಿಂತ ತಗ್ಗಾದ ಜಾಗ ಇನ್ನೊಂದಿರಲಿಲ್ಲ. "ಮ್ಯಾಲ ಬರ್ರಿ! ಬಾಯೀ, ಮ್ಯಾಲ ಬರ್ರಿ!" ಎಂದು ಚೀರಿದೆ. ಅವಳು ಸೀರೆ ಸರಿಸಿ ನನ್ನನ್ನು ನೋಡಿ ಎರಡೂ ಕೈಗಳಿಂದ ಕರೆದಳು. "ಅಕ್ಕಾ, ಅಲ್ಲಿ ಯಾಕ ನಿಂತೀರಿ? ಖಾಲಿ ಯಾ! ಜೀಪಿನ್ಯಾಂವ ಒದರಾಕತ್ತಾನ ಕೇಳ್ರಿ, ಖಾಲಿ, ಖಾಲಿ ಅಂತ! ವಿಮಾನ ಬರಾಕತ್ತೈತಿ! ಖಾಲಿ ಯಾ!" ಅವಳ ದನಿ ಭೋಂಗಾದ ಮೇಲೆಯೂ ಸ್ಪಷ್ಟವಾಗಿ ಕೇಳಿಸುತ್ತಿತ್ತು. ನಾನು ಮೇಲೆ ಕರೆಯುತ್ತಿದ್ದೆ, ಅವಳು ಕೆಳಗೆ ಕರೆಯುತ್ತಿದ್ದಳು, ಇಬ್ಬರೂ ಅಳುತ್ತಿದ್ದೆವು. ನನ್ನನ್ನು ಉಳಿಸಲೆಂದೇ ಅವಳು ಅಷ್ಟು ಕೂಗುತ್ತಿದ್ದಳು.

ಇಳಿದೆ. ಇದನ್ನು ಧೈರ್ಯ ಎಂದು ದಯವಿಟ್ಟು ತಿಳಿಯಬೇಡಿ, ಅಷ್ಟು ಹೆದರಿಕೆಯನ್ನು ನಾನು ಅದಕ್ಕೂ ಮೊದಲು ಕಂಡಿರಲಿಲ್ಲ, ಆಮೇಲೂ ಕಂಡಿಲ್ಲ. ಒಂದೊಂದು ಹೆಜ್ಜೆಗೂ ವಾಸನೆ ದಪ್ಪವಾಗುತ್ತಿತ್ತು, ಕಣ್ಣು ಉರಿದು ಗೇರುಮರಗಳು ಕಲಸಿಹೋದವು. ಹಿಂದಕ್ಕೆ ಓಡು ಎಂದು ಮೈಯೆಲ್ಲ ಹೇಳುತ್ತಿತ್ತು. ಬಾವಿಯ ಬಾಯಿಗೆ ಬಂದಾಗಲೇ ಬೇಕಾದ ಶಬ್ದ, ಮೇಲೆ ಎನ್ನುವುದಕ್ಕೆ ಅವಳ ಮರಾಠಿಯ ಶಬ್ದ, ಬಾಯಿಗೆ ಬಂತು. "ವರ! ಬಾಯೀ, ವಿಮಾನ ಅಲ್ಲ, ಗ್ಯಾಸ! ವರ ಚಲಾ!" ಸುಮಾ ಸೀರೆಯೊಳಗಿಂದ ಕೆಮ್ಮಿದಳು. ಆ ಕೆಮ್ಮು ಕೇಳಿದ್ದೇ ಅನಸೂಯಾಬಾಯಿಯ ಮುಖ ಬದಲಾಯಿತು. ಮತ್ತೆ ಒಂದು ಮಾತೂ ಕೇಳಲಿಲ್ಲ. ಒದ್ದೆ ಸೀರೆಯನ್ನು ಪೂರ್ತಿ ಮಗುವಿನ ತಲೆ ಮುಖಕ್ಕೆ ಸುತ್ತಿದಳು, ಕೊಡ ಎತ್ತುವ ಹಾಗೆ ಅವಳನ್ನು ಎತ್ತಿ ಹೆಗಲಿಗಿಂತ ಮೇಲೆ ಹಿಡಿದಳು, ಮೆಟ್ಟಿಲು ಹತ್ತಿದಳು. ನೇರ ಮೇಲೆ ಹೋದರೆ ಕಾರ್ಖಾನೆ, ಉಳಿದದ್ದು ಅಡ್ಡ ಮಾತ್ರ. "ರೈಲು, ರೈಲು!" ಎಂದು ನಾನು ತೋರಿಸಿದೆ. ನನಗೆ ಸೆರಗು ಇತ್ತು, ಮೂಗಿಗೆ ಒತ್ತಿಕೊಂಡಿದ್ದೆ. ಅವಳ ಎರಡೂ ಕೈಗಳು ಮಗುವನ್ನು ಎತ್ತಿ ಹಿಡಿದಿದ್ದವು. ಬಾಯಿ ತೆರೆದುಕೊಂಡೇ ಆ ಇಳಿಜಾರನ್ನೆಲ್ಲ ಓಡಿದಳು.

ದಿಬ್ಬದ ಮೇಲೆ ಹಳಿಯ ಪಕ್ಕದಲ್ಲಿ ಸಾಲುಮನೆಯವರೆಲ್ಲ ಇದ್ದರು. ಅಲ್ಲಿ ಗಾಳಿ ಶುದ್ಧವಿತ್ತು. ಸುಮಾಳ ಮುಖದಿಂದ ಸೀರೆ ಬಿಚ್ಚಿದೆ. ಕೆಂಪಾದ ಕಣ್ಣು ಪಿಳುಕಿಸಿ, "ಮತ್ತೊಮ್ಮಿ ಓಡೂಣು," ಎಂದಳು. ಅವಳನ್ನು ಎದೆಗೆ ಒತ್ತಿಕೊಂಡು ಜೋರಾಗಿ ಅತ್ತೆ. ಅವಳಿಗೆ ಅಂದಿನದು ಈಗ ಅಷ್ಟೇ ನೆನಪಿರುವುದು, ಸಾಬೂನಿನ ವಾಸನೆಯ ಒಂದು ಕತ್ತಲೆ ಮತ್ತು ಓಟ.

ಆಗ ನನ್ನ ಕಿವಿ ಮತ್ತೆ ತೆರೆಯಿತು. ಭೋಂಗಾ ಇನ್ನೂ ಕೂಗುತ್ತಿತ್ತು. ಏರುತ್ತಿತ್ತು, ಇಳಿಯುತ್ತಿತ್ತು. ಉರುಳೆಗಳ ಪಕ್ಕದ ಕೋಣೆಯಲ್ಲಿ ಒಂದು ಕೈ ಗುಂಡಿ ಒತ್ತುತ್ತಿದೆ, ಬಿಡುತ್ತಿದೆ. ಒತ್ತುತ್ತಿದೆ, ಬಿಡುತ್ತಿದೆ. ಆ ದನಿ ಪ್ರತಿ ಸಲ ಇಳಿದಾಗಲೂ ಇನ್ನು ಏಳುವುದಿಲ್ಲ ಎಂದು ನನ್ನ ಉಸಿರು ಹಿಡಿಯುತ್ತಿತ್ತು. ಏಳುತ್ತಿತ್ತು. ಅವರಿದ್ದಾರೆ. ಇಳಿಯುತ್ತಿತ್ತು. ಉಳಿದವರು ಆ ಕೂಗಿಗೆ ಕಿವಿ ಮುಚ್ಚಿಕೊಂಡರು, ನಾನು ಮಾತ್ರ ಅದು ನಿಲ್ಲದಿರಲಿ ಎಂದು ಬೇಡುತ್ತ ಕುಳಿತೆ.

ಸ್ವಲ್ಪ ಹೊತ್ತಿನ ಮೇಲೆ ದನಿ ಏರಿತು, ಇಳಿಯಲಿಲ್ಲ. ಒಂದೇ ಸಮ, ಉದ್ದಕ್ಕೆ, ಗೆರೆ ಎಳೆದ ಹಾಗೆ. ದಿಬ್ಬದ ಮೇಲಿದ್ದವರೆಲ್ಲ ಉಸಿರು ಬಿಟ್ಟರು. "ಆತ ಬಿಡ್ರಿ, ಆರಾಮ ಆತು," ಎಂದು ಯಾರೋ ಎಂದರು. ಒಬ್ಬಳು ನಕ್ಕಳು ಕೂಡ. ನನಗೆ ಜೀವವೇ ಹಾರಿಹೋಯಿತು. ಏರಿಳಿತಕ್ಕೆ ಕೈ ಬೇಕು, ಇದಕ್ಕೆ ಬೇಡ. ಅವರು ಚಾವಿ ತಿರುವಿ ಹೊರಗೆ ಬಂದರೋ, ಗುಂಡಿಯ ಮೇಲೆಯೇ ಬಿದ್ದಿದ್ದಾರೋ, ಆ ದನಿ ಹೇಳುತ್ತಿರಲಿಲ್ಲ. ಎರಡಕ್ಕೂ ಅದು ಒಂದೇ ರೀತಿ ಕೂಗುತ್ತದೆ. ಇದನ್ನು ಯಾರಿಗೆ ವಿವರಿಸಲಿ? ಪಕ್ಕದಲ್ಲಿದ್ದ ಅನಸೂಯಾಬಾಯಿ ನನ್ನ ಮುಖ ನೋಡಿ ಏನೋ ಕೇಳಿದಳು. ತುಟಿ ಆಡಿತು, ದನಿ ಬರಲಿಲ್ಲ. ಮತ್ತೆ ಪ್ರಯತ್ನಿಸಿದಳು. ಬರೀ ಗಾಳಿ ಬಂತು. ಇಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡು ಆ ಒಂದೇ ಸಮದ ಕೂಗನ್ನು ಕೇಳುತ್ತ ಕುಳಿತೆವು. ಅಷ್ಟು ಭಯಂಕರವಾದ ಆರಾಮನ್ನು ನಾನು ಕಂಡಿಲ್ಲ.

ಅವರು ಹಳಿಯ ಗುಂಟ ನಡೆದು ಬಂದರು. ಕುಡಿದವರ ಹಾಗೆ ಕಾಲು ಅಡ್ಡಡ್ಡ ಬೀಳುತ್ತಿದ್ದವು, ಕಣ್ಣು ಮೆಣಸಿನಕಾಯಿ ತಿಕ್ಕಿದಂತೆ ಕೆಂಪು, ಮುಖಕ್ಕೆ ಸುತ್ತಿದ ಒದ್ದೆ ಟವೆಲ್ಲು ಕುತ್ತಿಗೆಯಲ್ಲಿ ಜೋತುಬಿದ್ದಿತ್ತು. ನನ್ನನ್ನು ನೋಡಿದರು, ಸುಮಾಳನ್ನು ನೋಡಿದರು, ಮುಟ್ಟಿ ನೋಡಿದರು. ಬಾಯಿಗೆ ರೂಢಿಯಾದದ್ದೇ ಬಂತು.

"ಕೇಳಿಸ್ತೇನ?" ಎಂದರು.

ಅವರ ಎದೆಗೆ ಎರಡು ಗುದ್ದು ಹಾಕಿದೆ. ಅವರು ಕೆಮ್ಮಿದರು. ಸುಮಾ ಚಪ್ಪಾಳೆ ತಟ್ಟಿದಳು.

ಉರುಳೆಯೊಂದರ ವಾಲ್ವು ಬಿಟ್ಟಿತ್ತಂತೆ. ಕೆಲವರು ಆಸ್ಪತ್ರೆ ಸೇರಿ ತಿರುಗಿ ಬಂದರು, ಯಾರೂ ಸಾಯಲಿಲ್ಲ. ಕೆಲವು ವರ್ಷಗಳಲ್ಲಿ ಕಾರ್ಖಾನೆ ಮುಚ್ಚಿತು, ನಾವು ಊರೊಳಗೆ ಬಂದೆವು, ಅನಸೂಯಾಬಾಯಿಯವರು ಖಾನಾಪುರಕ್ಕೆ ಹೋದರು. ಅವಳ ದನಿ ಮಾತ್ರ ತಿರುಗಿ ಬರಲಿಲ್ಲ. ಡಾಕ್ಟರು ಗಂಟಲು ನೋಡಿ ತಲೆಯಾಡಿಸಿದರು. ಆ ಎಮ್ಮೆಯನ್ನು ಕೆಲವು ದಿನ ಅವಳ ಪರವಾಗಿ ನಾನು ಕರೆಯುತ್ತಿದ್ದೆ, ಅದು ನನ್ನನ್ನು ಕ್ಯಾರೇ ಎನ್ನುತ್ತಿರಲಿಲ್ಲ. ಕೊನೆಗೆ ಅವಳು ತಾಟು ಬಡಿದು ಕರೆಯುವುದನ್ನು ರೂಢಿ ಮಾಡಿಸಿದಳು. ಆ ತಾಟಿನ ಸದ್ದು ಕೇಳಿದಾಗಲೆಲ್ಲ ನಾನು ಹಿತ್ತಲ ಬಾಗಿಲು ಹಾಕಿಕೊಳ್ಳುತ್ತಿದ್ದೆ. ಅವಳು ಮಾತ್ರ ಪಿಸುಮಾತಿನಲ್ಲೇ ಚಾಷ್ಟಿ ಮಾಡುವುದನ್ನು ಬಿಟ್ಟಿಲ್ಲ. ಮೊನ್ನೆ ಆಟೊ ಹೋದ ಮೇಲೆ ಅವಳಿಗೆ ಫೋನು ಮಾಡಿ, ಬುಧವಾರ ಭೋಂಗಾ ಐತಿ, ನನಗ ಹೆದರಿಕಿ ಆಗಾಕತ್ತೈತಿ ಎಂದೆ. ಫೋನನ್ನು ಕಿವಿಗೆ ಒತ್ತಿ ಹಿಡಿದರೆ ಮಾತ್ರ ಅವಳ ಮಾತು ಕೇಳಿಸುವುದು. "ಹೆದರಬ್ಯಾಡ್ರಿ ಅಕ್ಕಾ," ಎಂದಳು. "ವರ ಜಾ."

ಬುಧವಾರ ಬೆಳಿಗ್ಗೆ ಒಳಕೋಣೆಯಲ್ಲಿ ಬಾಗಿಲು ಹಾಕಿ, ಕಿವಿಗೆ ಹತ್ತಿ ಇಟ್ಟು ಕೂರುವುದೆಂದು ನಾನು ನಿಶ್ಚಯಿ‌ಸಿಬಿಟ್ಟಿದ್ದೆ. ಆದರೆ ಇವರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದು, "ನಡಿ, ಮಾಳಿಗಿಗೆ ಹೋಗೂಣು," ಎಂದರು. "ನೀವು ಹೋಗಿ ಏನ ಮಾಡ್ತೀರಿ? ಕೇಳಿಸಂಗಿಲ್ಲ," ಎಂದು ಕಿವಿಯ ಹತ್ತಿರ ಕೂಗಿದೆ. "ಅದಕ್ಕ ನೀ ಬಾ ಅನ್ನಾಕತ್ತೀನಿ. ಏರಾಕತ್ತೈತೋ ಇಳ್ಯಾಕತ್ತೈತೋ ಹೇಳಾಕ ಯಾರರ ಬೇಕಲ್ಲ," ಎಂದರು. ಹೋದೆ. ಏನು ಮಾಡುವುದು? ಅಪಾಯವಿಲ್ಲದ ಕಡೆಯೂ ಅವರನ್ನು ಭೋಂಗಾದ ಜೊತೆ ಒಬ್ಬರನ್ನೇ ಬಿಡಲು ನನಗೆ ಮನಸ್ಸಾಗುವುದಿಲ್ಲ.

ಹೊಸ ಭೋಂಗಾದಲ್ಲಿ ಮೋಟಾರೂ ಇಲ್ಲ, ರೆಕ್ಕೆಯೂ ಇಲ್ಲವಂತೆ. ಎಲ್ಲೋ ಒಂದು ಆಫೀಸಿನಲ್ಲಿ ಕುಳಿತು ಒತ್ತಿದರೆ ತಾನೇ ಏರುತ್ತದೆ, ತಾನೇ ಇಳಿಯುತ್ತದೆ. ಅದನ್ನು ಹೇಳುವಾಗ ಇವರ ಮುಖದಲ್ಲಿ, ಗುರುತಿಲ್ಲದವರಿಗೆ ತಮ್ಮ ಎಮ್ಮೆ ಮಾರಿ ಬಂದವರ ಕಳೆಯಿತ್ತು. ಟಾಕಿಯ ಮೇಲಿನ ಪಾರಿವಾಳಗಳೆಲ್ಲ ಒಮ್ಮೆಲೇ ಎದ್ದವು. "ಶುರು ಆತು," ಎಂದರು ಅವರು, ನನಗಿಂತ ಮೊದಲು.

ದನಿ ನೆಲದಿಂದ ಎದ್ದು ನನ್ನ ಕಾಲು, ಹೊಟ್ಟೆ, ಹಲ್ಲು ಎಲ್ಲ ಹತ್ತಿ ಬಂತು. ನನ್ನ ಮೂಗಿಗೆ ಇಲ್ಲದ ವಾಸನೆ ಬಂತು. ಕಣ್ಣು ತಾನಾಗಿಯೇ ಎದುರು ಮಾಳಿಗೆಯ ಹಗ್ಗದ ಸೀರೆಯನ್ನು ಹುಡುಕಿತು. ಅವರ ಮಣಿಕಟ್ಟು ಹಿಡಿದೆ. ದನಿ ಏರಿದಾಗ ಒತ್ತಿದೆ, ಇಳಿದಾಗ ಬಿಟ್ಟೆ. ಏರಿದಾಗ ಒತ್ತಿದೆ, ಇಳಿದಾಗ ಬಿಟ್ಟೆ. ಅವರಿಗೆ ತಿಳಿಯಿತು. ಕಣ್ಣು ಮುಚ್ಚಿ, ತಲೆ ಸ್ವಲ್ಪ ಓರೆ ಮಾಡಿ, ಹಳೆಯ ಕಾಲದ ಹಾಗೆ ಕೇಳತೊಡಗಿದರು. ಅವರ ಹೆಬ್ಬೆರಳು ಗಾಳಿಯಲ್ಲಿ ತಾನೂ ಒತ್ತುತ್ತಿತ್ತು, ಬಿಡುತ್ತಿತ್ತು. ಓಡಿಹೋಗಬೇಕೆಂದು ಮೈಯೆಲ್ಲ ಹೇಳುತ್ತಿತ್ತು, ನಾನು ಓಡಲಿಲ್ಲ.

ಆಮೇಲೆ ದನಿ ಒಂದೇ ಸಮವಾಯಿತು. ಕೆಳಗೆ ಓಣಿಯಲ್ಲಿ ಜನ ಮಾತನಾಡತೊಡಗಿದರು, ಯಾರೋ ಸ್ಕೂಟರು ಚಾಲು ಮಾಡಿದರು. ಅದು ಉದ್ದಕ್ಕೆ ಕೂಗುತ್ತಲೇ ಇತ್ತು. ನನ್ನ ಬೆರಳುಗಳು ನಿಲ್ಲಲಿಲ್ಲ. ಒತ್ತಿದೆ, ಬಿಟ್ಟೆ. ಒತ್ತಿದೆ, ಬಿಟ್ಟೆ. ಬೆರಳಿನ ಕೆಳಗೆ ಅವರ ನಾಡಿ ಬಡಿಯುತ್ತಿತ್ತು.

"ಇನ್ನೂ ಏರಿ ಇಳ್ಯಾಕತ್ತೈತೇನ?" ಎಂದರು ಕಣ್ಣು ಮುಚ್ಚಿಕೊಂಡೇ.

"ಹೂಂರಿ," ಎಂದೆ ಅವರ ಕಿವಿಗೆ ಬಾಯಿ ಹಚ್ಚಿ. "ಇನ್ನೂ ಐತಿ."